ಸೋದರಪ್ರೇಮದ ನಗರದಲ್ಲಿ ಬಿರುಕು ಬಿಟ್ಟ ಘಂಟೆ

ಕೆಲವು ದಿನಗಳ ಹಿಂದೆ ಸಂಜೆಯ ಜಪಸರ ಪ್ರಾರ್ಥನೆ ಮುಗಿದು ದೇವಾಲಯದ ಬಾಗಿಲು ಮುಚ್ಚುವ ಹೊತ್ತಿಗೆ ನಮ್ಮ ಧರ್ಮಕೇಂದ್ರದ ನಿವೃತ್ತ ಶಿಕ್ಷಕಿಯೊಬ್ಬರು ಆಶೀರ್ವಾದ ಬೇಡಿ ಬಂದರು. ಅವರ ಮಗಳು, ಅಳಿಯ ಅಮೆರಿಕದ ಫಿಲಡೆಲ್ಫಿಯ ನಗರದ ಬಳಿ ನೌಕರಿಯಲ್ಲಿದ್ದಾರೆ. ಬಹಳ ದಿನಗಳ ಒತ್ತಾಯದ ಮೇಲೆ ಟೀಚರ್ ಮೂರು ತಿಂಗಳ ಮಟ್ಟಿಗೆ ಹೊರಟು ನಿಂತಿದ್ದಾರೆ. "ಫಾದರ್, ನೀವು ಆ ಊರಿಗೆ ಹೋಗಿ ಬಂದವರು. ಮಗಳಿಗೆ ರಜೆ ಸಿಗುವುದು ಎರಡೇ ದಿನವಂತೆ. ಯಾವುದನ್ನು ನೋಡದೆ ಹಿಂತಿರುಗಬಾರದು, ಅಷ್ಟು ಹೇಳಿ ಸಾಕು" ಎಂದರು. "ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ ಟೀಚರ್" ಎಂದು ಮಾತು ಕೊಟ್ಟೆ. ಬರೆಯಲು ಕುಳಿತಾಗ ಚೀಟಿ ಸಾಲಲಿಲ್ಲ. ಮಕ್ಕಳ ಮನೆಗೆಂದು ಸಾಗರ ದಾಟುವ ತಂದೆತಾಯಿಯರು ಇಂದು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಅವರೆಲ್ಲರಿಗೂ ಉಪಯೋಗವಾದೀತೆಂದು ಆ ಚೀಟಿಯನ್ನೇ ಇಲ್ಲಿ ವಿಸ್ತರಿಸಿದ್ದೇನೆ.

ಹೆಸರಿನ ಹೊಣೆ

ಬೈಬಲ್ ಓದುವವರಿಗೆ ಫಿಲಡೆಲ್ಫಿಯ ಅಪರಿಚಿತ ಹೆಸರಲ್ಲ. ಪ್ರಕಟನಾ ಗ್ರಂಥದಲ್ಲಿ ಸಂತ ಯೊವಾನ್ನರು ಪತ್ರ ಬರೆಯುವ ಏಳು ಸಭೆಗಳಲ್ಲಿ ಅದೂ ಒಂದು. ಸೋದರಪ್ರೇಮ ಎಂಬುದು ಆ ಗ್ರೀಕ್ ಪದದ ಅರ್ಥ. ಇಂಗ್ಲೆಂಡಿನ ವಿಲಿಯಂ ಪೆನ್ ಕ್ವೇಕರ್ ಪಂಥಕ್ಕೆ ಸೇರಿದವರು. ತಮ್ಮ ನಂಬಿಕೆಗಾಗಿ ಸ್ವದೇಶದಲ್ಲಿ ಸೆರೆವಾಸ ಅನುಭವಿಸಿದವರು. 1681ರಲ್ಲಿ ದೊರೆ ಎರಡನೆಯ ಚಾರ್ಲ್ಸ್‌ನಿಂದ ವಿಶಾಲವಾದ ಭೂಮಿ ದೊರೆತಾಗ, ಅಂತಃಕರಣದ ವಿಷಯದಲ್ಲಿ ಯಾರ ಮೇಲೂ ಬಲಾತ್ಕಾರ ನಡೆಯದ ನಾಡೊಂದನ್ನು ಕಟ್ಟಬೇಕೆಂಬ ಸಂಕಲ್ಪದಿಂದ ಮರುವರ್ಷ ಈ ನಗರಕ್ಕೆ ಅಡಿಗಲ್ಲಿಟ್ಟರು. ನೇರವಾದ ಬೀದಿಗಳು, ನಡುವೆ ಐದು ವಿಶಾಲ ಚೌಕಗಳು: ಆ ನಕ್ಷೆಯನ್ನು ಇಂದಿಗೂ ಕಾಲ್ನಡಿಗೆಯಲ್ಲಿ ಗುರುತಿಸಬಹುದು. ನಗರಸಭಾ ಭವನದ ಗೋಪುರದ ತುದಿಯಲ್ಲಿ, ನೆಲದಿಂದ 167 ಮೀಟರ್ ಎತ್ತರದಲ್ಲಿ, ಪೆನ್ನರ ಕಂಚಿನ ಪ್ರತಿಮೆ ನಿಂತಿದೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿಯುತ್ತಿದ್ದಾಗ ನಮ್ಮ ಉಪಾಧ್ಯಾಯರು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತುತ್ತಿದ್ದರು: ಹೆಸರು ವಸ್ತುವಿನ ಸತ್ವವನ್ನು ಹೇಳುತ್ತದೆಯೇ, ಅಥವಾ ಅಂಟಿಸಿದ ಚೀಟಿ ಮಾತ್ರವೇ? ಫಿಲಡೆಲ್ಫಿಯದ ಬೀದಿಗಳಲ್ಲಿ ನಡೆಯುವಾಗ ನನಗೆ ಮೂರನೆಯ ಉತ್ತರವೊಂದು ಹೊಳೆಯಿತು. ಕೆಲವು ಹೆಸರುಗಳು ಇರುವುದನ್ನು ಹೇಳುವುದಿಲ್ಲ, ಇರಬೇಕಾದುದನ್ನು ಹೇಳುತ್ತವೆ. ಅಂಥ ಹೆಸರು ಹೊತ್ತ ಊರನ್ನು ಅದರ ಹೆಸರೇ ದಿನವೂ ವಿಚಾರಣೆಗೆ ಗುರಿಪಡಿಸುತ್ತದೆ. ಕ್ರೈಸ್ತರೆಂಬ ಹೆಸರು ಹೊತ್ತ ನಮ್ಮ ಪಾಡೂ ಅದೇ ಅಲ್ಲವೇ?

ಸಭಾಭವನ ಮತ್ತು ಘಂಟೆ

ಯಾತ್ರಿಕರು ಮೊದಲು ಹೋಗಬೇಕಾದುದು ಇಂಡಿಪೆಂಡೆನ್ಸ್ ಹಾಲ್ ಎಂಬ ಕೆಂಪು ಇಟ್ಟಿಗೆಯ ಭವನಕ್ಕೆ. 1732ರಲ್ಲಿ ಪೆನ್ಸಿಲ್ವೇನಿಯ ಪ್ರಾಂತ್ಯದ ಶಾಸನಸಭೆಗೆಂದು ಇದರ ಕಟ್ಟಡ ಆರಂಭವಾಯಿತು. ಇದರ ಒಂದೇ ಕೋಣೆಯಲ್ಲಿ 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಯ ಅಂಗೀಕಾರವೂ 1787ರ ಸೆಪ್ಟೆಂಬರ್ 17ರಂದು ಅಮೆರಿಕದ ಸಂವಿಧಾನಕ್ಕೆ ಸಹಿಯೂ ನಡೆದವು. ಘೋಷಣೆಯ 250ನೆಯ ವರ್ಷ 2026. ಕೋಣೆ ದೊಡ್ಡದೇನಲ್ಲ. ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಸಾಧಾರಣ ಮರದ ಕುರ್ಚಿಗಳು. ಅಧ್ಯಕ್ಷಸ್ಥಾನದಲ್ಲಿ ಜಾರ್ಜ್ ವಾಷಿಂಗ್ಟನ್ ಕುಳಿತಿದ್ದ ಕುರ್ಚಿಯ ಬೆನ್ನಿನ ಮೇಲೆ ಅರ್ಧ ಸೂರ್ಯನ ಕೆತ್ತನೆಯಿದೆ. ಅದು ಉದಯಿಸುವ ಸೂರ್ಯನೋ ಮುಳುಗುವ ಸೂರ್ಯನೋ ಎಂದು ತಿಂಗಳುಗಟ್ಟಲೆ ಯೋಚಿಸಿದ್ದ ವೃದ್ಧ ಬೆಂಜಮಿನ್ ಫ್ರಾಂಕ್ಲಿನ್, ಸಹಿ ಮುಗಿದ ದಿನ ಅದು ಉದಯಸೂರ್ಯನೇ ಎಂದು ಸಂತೋಷಪಟ್ಟರಂತೆ. ಒಳಗೆ ಹೋಗಲು ವೇಳೆ ನಿಗದಿಯಾದ ಚೀಟಿಯನ್ನು ಮುಂಗಡವಾಗಿ ಪಡೆದುಕೊಳ್ಳುವುದು ಲೇಸು.

ರಸ್ತೆ ದಾಟಿದರೆ ಲಿಬರ್ಟಿ ಬೆಲ್ ಎಂಬ ಸ್ವಾತಂತ್ರ್ಯದ ಘಂಟೆ. ನೋಡಲು ಹಣ ಕೊಡಬೇಕಾಗಿಲ್ಲ. ಸುಮಾರು 940 ಕಿಲೋ ತೂಕದ ಈ ಘಂಟೆಯನ್ನು 1751ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಎರಕಶಾಲೆಗೆ ಹೇಳಿ ಮಾಡಿಸಲಾಯಿತು. ತಲುಪಿದ ಮೇಲೆ ಪರೀಕ್ಷೆಗೆಂದು ಬಾರಿಸಿದೊಡನೆ ಸೀಳಿತು. ಪಾಸ್ ಮತ್ತು ಸ್ಟೋ ಎಂಬ ಸ್ಥಳೀಯ ಎರಕಗಾರರು ಅದನ್ನು ಕರಗಿಸಿ 1753ರಲ್ಲಿ ಮತ್ತೆ ಎರಕ ಹೊಯ್ದರು. ಇಂದು ಕಾಣುವ ಬಿರುಕು ಅನಂತರದ್ದು. 1846ರಲ್ಲಿ ವಾಷಿಂಗ್ಟನ್ನರ ಜನ್ಮದಿನದಂದು ಬಾರಿಸಿದಾಗ ಅದು ಬೆಳೆದು ಘಂಟೆ ಮೂಕವಾಯಿತು. ಅದರ ಮೈಮೇಲೆ ಕೆತ್ತಿರುವುದು ಪವಿತ್ರ ಗ್ರಂಥದ ಮಾತು: ಐವತ್ತನೆಯ ವರ್ಷದಲ್ಲಿ ನಾಡಿನ ಸಕಲ ನಿವಾಸಿಗಳಿಗೂ ಬಿಡುಗಡೆಯನ್ನು ಸಾರಬೇಕೆಂಬ, ಯಾಜಕಕಾಂಡದ 25ನೆಯ ಅಧ್ಯಾಯದ ಜುಬಿಲಿ ಆಜ್ಞೆ. ಸ್ವಾತಂತ್ರ್ಯದ ಘಂಟೆ ಎಂಬ ಹೆಸರು ಬಂದುದು 1776ರ ವೀರರಿಂದಲ್ಲ. 1830ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವರು ಆ ಕೆತ್ತನೆಯನ್ನು ಓದಿ, "ಸಕಲ ನಿವಾಸಿಗಳು ಎಂದರೆ ಯಾರು?" ಎಂದು ಕೇಳತೊಡಗಿದರು. ಆ ಹೆಸರು ಅವರು ಇಟ್ಟದ್ದು.

ನಾನು ನೋಡದೆ ಬಂದ ಮನೆ

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಎರಡು ತಿಂಗಳು ಆ ನಗರದ ಹೊರವಲಯದ ಧರ್ಮಕೇಂದ್ರವೊಂದರಲ್ಲಿ ಬದಲಿ ಗುರುವಾಗಿ ಸೇವೆ ಸಲ್ಲಿಸಿದೆ. ಮೊದಲ ರಜಾದಿನದಂದೇ ಘಂಟೆಯನ್ನು ನೋಡಲು ಹೋಗಿ, ಸಾಲಿನಲ್ಲಿ ನಿಂತು, ಊರಿಗೆ ಕಳುಹಿಸಲು ಫೋಟೋ ತೆಗೆಸಿಕೊಂಡು ಸಂತುಷ್ಟನಾಗಿ ಹಿಂತಿರುಗಿದೆ. ಮರುದಿನ ಬಲಿಪೂಜೆಗೆ ಅಣಿಮಾಡುತ್ತಿದ್ದ ವೃದ್ಧ ಕಪ್ಪುವರ್ಣೀಯ ಸಹಾಯಕರು, "ಫಾದರ್, ಘಂಟೆಯ ಬಾಗಿಲ ಬಳಿಯ ಮನೆಯನ್ನು ನೋಡಿದಿರಾ?" ಎಂದು ಕೇಳಿದರು. ಮನೆಯೇ? ಯಾವ ಮನೆ? ಅವರು ನಕ್ಕು, "ಎಲ್ಲರೂ ಹಾಗೆಯೇ ಹೋಗುತ್ತಾರೆ" ಎಂದರು. ಅವರ ಮಾತಿನಲ್ಲಿ ಕಹಿಯಿರಲಿಲ್ಲ. ನನಗೆ ಮಾತ್ರ ಆ ದಿನವಿಡೀ ಅದು ಚುಚ್ಚುತ್ತಿತ್ತು.

ಫಿಲಡೆಲ್ಫಿಯ 1790ರಿಂದ 1800ರವರೆಗೆ ಅಮೆರಿಕದ ರಾಜಧಾನಿಯಾಗಿತ್ತು. ಅಧ್ಯಕ್ಷ ವಾಷಿಂಗ್ಟನ್ ವಾಸವಾಗಿದ್ದ ಮನೆ ಇದ್ದುದು ಈಗ ಘಂಟೆಯನ್ನು ಇರಿಸಿರುವ ಕಟ್ಟಡದ ಬಾಗಿಲ ಪಕ್ಕದಲ್ಲೇ. ಆ ಮನೆಯಲ್ಲಿ ಅವರು ಒಂಬತ್ತು ಮಂದಿ ಗುಲಾಮರನ್ನು ಇರಿಸಿಕೊಂಡಿದ್ದರು. ಪೆನ್ಸಿಲ್ವೇನಿಯದ 1780ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರ ಗುಲಾಮರು ಆರು ತಿಂಗಳು ಅಲ್ಲಿ ನೆಲೆಸಿದರೆ ಬಿಡುಗಡೆಗೆ ಅರ್ಹರಾಗುತ್ತಿದ್ದರು. ಅದನ್ನು ತಪ್ಪಿಸಲು ಗಡುವು ಮುಗಿಯುವ ಮುನ್ನ ಅವರನ್ನು ಪ್ರಾಂತ್ಯದ ಗಡಿಯಾಚೆಗೆ ಕಳುಹಿಸಿ ಮತ್ತೆ ಕರೆಸಿಕೊಳ್ಳಲಾಗುತ್ತಿತ್ತು. ಓನಿ ಜಡ್ಜ್ ಎಂಬ ಯುವತಿ 1796ರಲ್ಲಿ ಆ ಮನೆಯಿಂದ ತಪ್ಪಿಸಿಕೊಂಡು ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಅವಳನ್ನು ಹಿಡಿದು ತರುವ ಪ್ರಯತ್ನಗಳು ಫಲಿಸಲಿಲ್ಲ. ಬಡತನದಲ್ಲೇ ಮುಪ್ಪಾದ ಆಕೆ, ಓಡಿಬಂದುದಕ್ಕೆ ತನಗೆ ಪಶ್ಚಾತ್ತಾಪವಿಲ್ಲವೆಂದು ಕೇಳಿದವರಿಗೆ ಹೇಳಿದಳು. ಅಡುಗೆಯವ ಹರ್ಕ್ಯುಲಿಸ್ ಕೂಡ 1797ರಲ್ಲಿ ವಾಷಿಂಗ್ಟನ್ನರ ಸೆರೆಯಿಂದ ಪಾರಾದನು. 2007ರಲ್ಲಿ ನಡೆದ ಉತ್ಖನನದಲ್ಲಿ ಆ ಮನೆಯ ಅಡಿಪಾಯ ಕಾಣಿಸಿತು. 2010ರಲ್ಲಿ ಅಲ್ಲಿ ಸ್ಮಾರಕವನ್ನು ತೆರೆಯಲಾಯಿತು.

ನಾನು ಮುಂದಿನ ರಜಾದಿನದಂದು ಮತ್ತೆ ಹೋಗಿ ಆ ಅಡಿಪಾಯದ ಮುಂದೆ ನಿಂತೆ. ಸಕಲ ನಿವಾಸಿಗಳಿಗೂ ಬಿಡುಗಡೆ ಎಂದು ಕೆತ್ತಿದ ಘಂಟೆ ತೂಗಾಡುತ್ತಿದ್ದ ಗೋಪುರ ಅಲ್ಲಿಂದ ಕೂಗಳತೆಯ ದೂರ. ಅದರ ನಾದ ಓನಿಯ ಕಿವಿಗೂ ಬಿದ್ದಿರಲೇಬೇಕು. ವಾಷಿಂಗ್ಟನ್ನರನ್ನು ತೂಗಿ ತೀರ್ಪು ಕೊಡಲು ನಾನು ಯಾರು? ಆದರೆ ದೊಡ್ಡ ಮಾತನ್ನು ಆಡುವವನು ತನ್ನ ಮನೆಯ ಹಿತ್ತಿಲನ್ನು ನೋಡದೆ ಇರಬಲ್ಲ ಎಂಬುದನ್ನು ಪೀಠದಿಂದ ಪ್ರತಿ ಭಾನುವಾರ ಮಾತಾಡುವ ನಾನು ಅಲ್ಲಿ ಕಲಿತೆ.

ಓಣಿಯೊಳಗಿನ ಇಗರ್ಜಿ

ಅಲ್ಲಿಂದ ಕಾಲ್ನಡಿಗೆಯಲ್ಲಿ ಐದಾರು ನಿಮಿಷ ಹೋದರೆ ವಿಲಿಂಗ್ಸ್ ಓಣಿ. ಕಮಾನಿನ ಹಾದಿ ದಾಟಿ ಅಂಗಳಕ್ಕೆ ಬಂದ ಮೇಲೆಯೇ ಸಂತ ಜೋಸೆಫರ ಹಳೆಯ ದೇವಾಲಯ ಕಣ್ಣಿಗೆ ಬೀಳುತ್ತದೆ. 1733ರಲ್ಲಿ ಯೇಸುಸಭೆಯ ಗುರು ಜೋಸೆಫ್ ಗ್ರೇಟನ್ ಇದನ್ನು ಸ್ಥಾಪಿಸಿದರು. ನಗರದ ಪ್ರಥಮ ಕಥೋಲಿಕ ದೇವಾಲಯ ಇದು. ಇಂಗ್ಲೆಂಡಿನ ಕಾನೂನು ನಮ್ಮ ಬಲಿಪೂಜೆಯನ್ನು ನಿಷೇಧಿಸಿದ್ದ ಕಾಲವದು. ಮರುವರ್ಷವೇ ಪ್ರಾಂತ್ಯದ ಆಡಳಿತ ಮಂಡಳಿಯಲ್ಲಿ ಆಕ್ಷೇಪವೆದ್ದಿತು. ಆದರೆ 1701ರಲ್ಲಿ ಪೆನ್ ನೀಡಿದ್ದ ಸನ್ನದು ಅಂತಃಕರಣ ಸ್ವಾತಂತ್ರ್ಯವನ್ನು ಖಾತರಿಪಡಿಸಿತ್ತು. ಪೂಜೆ ನಿಲ್ಲಲಿಲ್ಲ. ನಮ್ಮ ಸಿದ್ಧಾಂತಗಳನ್ನು ಒಪ್ಪದ ಒಬ್ಬ ಮನುಷ್ಯನ ವಾಗ್ದಾನದ ನೆರಳಿನಲ್ಲಿ ಬೆರಳೆಣಿಕೆಯ ಕಥೋಲಿಕರು ನಿರ್ಭಯವಾಗಿ ಮೊಣಕಾಲೂರಿದರು. ನಮ್ಮಂತೆ ಅಲ್ಪಸಂಖ್ಯಾತರಾಗಿ ಬಾಳುವವರು ಅಲ್ಲಿ ಒಂದು ಕ್ಷಣ ನಿಂತು ಕೃತಜ್ಞತೆ ಸಲ್ಲಿಸಬೇಕು. ಇಂದಿನ ಕಟ್ಟಡ 1839ರದು.

ಹತ್ತಿರದಲ್ಲೇ ಇರುವ ಸಂತ ಮರಿಯಮ್ಮನವರ ಹಳೆಯ ದೇವಾಲಯ 1763ರದು. 1779ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಯ ವಾರ್ಷಿಕೋತ್ಸವಕ್ಕೆ ಅಲ್ಲಿ ಕೃತಜ್ಞತಾಸ್ತುತಿ ನಡೆದಾಗ ರಾಷ್ಟ್ರೀಯ ಸಭೆಯ ಸದಸ್ಯರು ಹಾಜರಿದ್ದರು. ಅಮೆರಿಕದ ನೌಕಾಪಡೆಯ ಆದಿಪುರುಷರಲ್ಲಿ ಒಬ್ಬರಾದ ಜಾನ್ ಬ್ಯಾರಿ ಹಾಗೂ ಸಂವಿಧಾನಕ್ಕೆ ಸಹಿ ಹಾಕಿದ ಕಥೋಲಿಕ ಥಾಮಸ್ ಫಿಟ್ಜ್‌ಸೈಮನ್ಸ್ ಅದರ ಸ್ಮಶಾನದಲ್ಲಿ ಮಲಗಿದ್ದಾರೆ.

ಎದುರುಬದುರಿನ ಎರಡು ದೇವಾಲಯಗಳು

ಟೀಚರ್, ಎರಡನೆಯ ದಿನ ಬೆಳಿಗ್ಗೆ ನಾಲ್ಕನೆಯ ಬೀದಿಯಲ್ಲಿ ಉತ್ತರಕ್ಕೆ ನಡೆಯಿರಿ. ದೊಡ್ಡ ಸೇತುವೆಯ ಮಗ್ಗುಲಲ್ಲಿ ಒಂದಕ್ಕೊಂದು ಎದುರಾಗಿ ಎರಡು ದೇವಾಲಯಗಳಿವೆ. ಪ್ರವಾಸಿಗರ ಗುಂಪುಗಳು ಹೆಚ್ಚಾಗಿ ಅಲ್ಲಿಗೆ ಬರುವುದಿಲ್ಲ. ನನ್ನ ಮಟ್ಟಿಗೆ ಇಡೀ ನಗರದಲ್ಲಿ ಅದಕ್ಕಿಂತ ಮಿಗಿಲಾದ ಪಾಠಶಾಲೆಯಿಲ್ಲ.

ಒಂದು ಮೆಥೊಡಿಸ್ಟರ ಸಂತ ಜಾರ್ಜ್ ದೇವಾಲಯ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಪ್ರಾರ್ಥನೆಗೆ ಬರುತ್ತಿದ್ದ ಕಪ್ಪುವರ್ಣೀಯರಿಗೆ ಬೇರೆ ಜಾಗ ಗೊತ್ತುಮಾಡಲಾಗಿತ್ತು. ಒಂದು ದಿನ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಅಬ್ಸಲೋಮ್ ಜೋನ್ಸ್ ಎಂಬವರನ್ನು ಪ್ರಾರ್ಥನೆ ಮುಗಿಯುವವರೆಗೂ ಕಾಯದೆ ಎಳೆದು ಎಬ್ಬಿಸಲಾಯಿತು. ಅವರೂ, ಗುಲಾಮರಾಗಿ ಹುಟ್ಟಿ ತಮ್ಮ ಬಿಡುಗಡೆಯನ್ನು ತಾವೇ ಹಣ ತೆತ್ತು ಕೊಂಡಿದ್ದ ರಿಚರ್ಡ್ ಅಲೆನ್ನರೂ ಸಂಗಡಿಗರೊಡನೆ ಹೊರನಡೆದರು. 1794ರಲ್ಲಿ ಅಲೆನ್ ಆರನೆಯ ಬೀದಿಯಲ್ಲಿ ಬೆಥೆಲ್ ದೇವಾಲಯವನ್ನು ಸ್ಥಾಪಿಸಿದರು. ಈಗಿರುವ ಭವ್ಯ ಕಟ್ಟಡದ ನೆಲಮಾಳಿಗೆಯಲ್ಲಿ ಅವರ ಸಮಾಧಿಯಿದೆ. ಅದನ್ನೂ ನೋಡಿ ಬರಬೇಕು.

ಇನ್ನೊಂದು ನಮ್ಮ ಸಂತ ಅಗುಸ್ತೀನರ ದೇವಾಲಯ. 1844ರಲ್ಲಿ ವಲಸೆ ಬಂದ ಐರಿಷ್ ಕಥೋಲಿಕರ ಮೇಲೆ ದ್ವೇಷ ಮೊರೆಯುತ್ತಿತ್ತು. ಶಾಲೆಗಳಲ್ಲಿ ಪ್ರಾಟೆಸ್ಟೆಂಟರ ಬೈಬಲ್ ಭಾಷಾಂತರವನ್ನು ಓದಿಸುತ್ತಿದ್ದಾಗ, ಕಥೋಲಿಕ ಮಕ್ಕಳಿಗೆ ತಮ್ಮ ಭಾಷಾಂತರವನ್ನು ಓದಲು ಅವಕಾಶ ಕೊಡಿ ಎಂದು ಧರ್ಮಾಧ್ಯಕ್ಷ ಕೆನ್ರಿಕ್ ಕೇಳಿಕೊಂಡಿದ್ದರು. ಕಥೋಲಿಕರು ಶಾಲೆಯಿಂದ ಬೈಬಲನ್ನೇ ಹೊರಹಾಕುತ್ತಾರೆ ಎಂಬ ಗಾಳಿಸುದ್ದಿ ಹಬ್ಬಿತು. ಮೇ 8ರ ರಾತ್ರಿ ಗುಂಪೊಂದು ಈ ದೇವಾಲಯಕ್ಕೆ ಬೆಂಕಿ ಇಟ್ಟಿತು. ಮಠದ ಅಮೂಲ್ಯ ಗ್ರಂಥಭಂಡಾರ ಬೂದಿಯಾಯಿತು. ಸ್ವಾತಂತ್ರ್ಯದ ಘಂಟೆ ಮೊದಲು ಸೀಳಿದಾಗ ಅದರ ಬದಲಿಗೆಂದು ಲಂಡನ್ನಿನಿಂದ ತರಿಸಿದ್ದ ಎರಡನೆಯ ಘಂಟೆ ಆ ವೇಳೆಗೆ ಇದೇ ದೇವಾಲಯದ ಗೋಪುರದಲ್ಲಿತ್ತು. ಆ ತಂಗಿ ಘಂಟೆಯೂ ಉರಿಯಲ್ಲಿ ಕೆಳಗುರುಳಿ ಒಡೆಯಿತು. ದೇವರ ಗ್ರಂಥಕ್ಕಾಗಿ ಹೋರಾಡುತ್ತೇವೆ ಎಂದವರು ದೇವರ ಮನೆಯನ್ನು ಸುಟ್ಟರು.

ಬೀದಿಯ ಆ ಬದಿಯಲ್ಲಿ ಪ್ರಾರ್ಥಿಸುವವನನ್ನು ಎಳೆದೆಬ್ಬಿಸಿದರು, ಈ ಬದಿಯಲ್ಲಿ ಪ್ರಾರ್ಥಿಸುವ ಸ್ಥಳವನ್ನೇ ಸುಟ್ಟರು. ಪೆಟ್ಟು ತಿಂದವರ ಸಾಲಿನಲ್ಲಿ ನಮ್ಮನ್ನು ಕಂಡುಕೊಳ್ಳುವುದು ಸುಲಭ. ಸಂತ ಅಗುಸ್ತೀನರ ಮೆಟ್ಟಿಲ ಮೇಲೆ ನಿಂತ ನಾನೂ ಮೊದಲು ಅದನ್ನೇ ಮಾಡಿದೆ. ಆದರೆ ಕಣ್ಣೆತ್ತಿದರೆ ಎದುರಿಗೇ ಸಂತ ಜಾರ್ಜರ ಬಾಗಿಲು. ನಮ್ಮ ದೇವಾಲಯಗಳಲ್ಲಿ ಕೊನೆಯ ಬೆಂಚು ಯಾರದು? ಹಬ್ಬದ ಮೆರವಣಿಗೆಯಲ್ಲಿ ಯಾವ ಮನೆತನದವರಿಗೆ ಮುಂದಿನ ಮೊಂಬತ್ತಿ, ಯಾರು ಎಂದೂ ಹಿಂದೆಯೇ ನಡೆಯಬೇಕು? ಕೂಲಿಗೆ ಬಂದ ಹೊಸ ಕುಟುಂಬ ಪೂಜೆಗೆ ಬಂದರೆ ನಾವು ಸರಿದು ಜಾಗ ಕೊಡುತ್ತೇವೆಯೇ? ಈ ಪ್ರಶ್ನೆಗಳನ್ನು ನಾನು ಆ ಬೀದಿಯಿಂದ ನನ್ನ ಸ್ವಂತ ಧರ್ಮಕೇಂದ್ರಕ್ಕೆ ಹೊತ್ತು ತಂದೆ. ಎಲ್ಲವಕ್ಕೂ ನೆಮ್ಮದಿಯ ಉತ್ತರ ಸಿಕ್ಕಿಲ್ಲ.

ಮೌನದ ಸೆರೆಮನೆ

ಸಮಯವಿದ್ದರೆ ಈಸ್ಟರ್ನ್ ಸ್ಟೇಟ್ ಸೆರೆಮನೆಗೂ ಹೋಗಬಹುದು. 1829ರಲ್ಲಿ ತೆರೆದು 1971ರವರೆಗೆ ನಡೆದ ಇದು ಈಗ ವಸ್ತುಸಂಗ್ರಹಾಲಯ. ಅಪರಾಧಿಯನ್ನು ಹೊಡೆಯುವ ಬದಲು ಏಕಾಂತದಲ್ಲಿರಿಸಿದರೆ ಅವನು ಪಶ್ಚಾತ್ತಾಪಪಟ್ಟು ತಿದ್ದಿಕೊಳ್ಳುತ್ತಾನೆಂಬುದು ಅದನ್ನು ಕಟ್ಟಿದವರ ಸದುದ್ದೇಶ. ಚಕ್ರದ ಅರಗಳಂತೆ ಚಾಚಿದ ಸಾಲುಗಳು. ಒಬ್ಬೊಬ್ಬನಿಗೆ ಒಂದೊಂದು ಕೋಣೆ, ಛಾವಣಿಯಲ್ಲಿ ಬೆಳಕಿನ ಕಿಂಡಿ, ಓದಲು ಬೈಬಲ್. ಹೊರಗೆ ಕರೆತರುವಾಗ ಇತರರ ಮುಖ ಕಾಣದಂತೆ ತಲೆಗೆ ಮುಸುಕು. 1842ರಲ್ಲಿ ಬಂದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಮನಸ್ಸಿನ ಮೇಲೆ ನಡೆಯುವ ಈ ಹಿಂಸೆ ದೇಹದ ಯಾವ ಹಿಂಸೆಗಿಂತಲೂ ಕ್ರೂರವೆಂದು ಬರೆದರು. 1913ರಲ್ಲಿ ಆ ಪದ್ಧತಿಯನ್ನು ಅಧಿಕೃತವಾಗಿ ಕೈಬಿಡಲಾಯಿತು. ಸನ್ಯಾಸಿಯ ಮೌನ ಅವನು ಆರಿಸಿಕೊಂಡದ್ದು. ಸೆರೆಯಾಳಿನ ಮೌನ ಅವನ ಮೇಲೆ ಹೇರಿದ್ದು. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಂಡರೂ ಒಂದು ಆತ್ಮವನ್ನು ಅರಳಿಸುತ್ತದೆ, ಇನ್ನೊಂದು ಮುರಿಯುತ್ತದೆ. ಒಳ್ಳೆಯ ಉದ್ದೇಶವೊಂದೇ ಕೃತ್ಯವನ್ನು ಒಳ್ಳೆಯದನ್ನಾಗಿ ಮಾಡದು ಎಂಬ ಸಂತ ಥಾಮಸ್ ಅಕ್ವೀನರ ಬೋಧೆಗೆ ಕಲ್ಲಿನಲ್ಲಿ ಕಟ್ಟಿದ ನಿದರ್ಶನ ಅದು.

ಇಬ್ಬರು ಸಂತರು, ಒಂದು ಮಂಟಪ

ಈ ನಗರ ಧರ್ಮಸಭೆಗೆ ಇಬ್ಬರು ಸಂತರನ್ನು ಕೊಟ್ಟಿದೆ. ಬೊಹೀಮಿಯದಲ್ಲಿ 1811ರಲ್ಲಿ ಹುಟ್ಟಿದ ಜಾನ್ ನ್ಯೂಮನ್ 1852ರಲ್ಲಿ ಇಲ್ಲಿನ ಧರ್ಮಾಧ್ಯಕ್ಷರಾದರು. ಬಹುಭಾಷಾ ಪಂಡಿತರಾದ ಅವರು ಐರಿಷ್ ವಲಸೆಗಾರರ ಪಾಪನಿವೇದನೆ ಕೇಳಲೆಂದು ಅವರ ಭಾಷೆಯನ್ನೂ ಕಲಿತರು. ಧರ್ಮಕೇಂದ್ರಗಳ ಶಾಲೆಗಳನ್ನು ಒಂದು ವ್ಯವಸ್ಥೆಯಾಗಿ ಬೆಳೆಸಿದರು. 1860ರ ಜನವರಿ 5ರಂದು ರಸ್ತೆಯಲ್ಲೇ ಕುಸಿದು ಮೃತರಾದರು. 1977ರಲ್ಲಿ ಸಂತಪದವಿ ಪಡೆದ ಅವರ ಪಾರ್ಥಿವ ಶರೀರ ಸಂತ ಪೇತ್ರರ ದೇವಾಲಯದಲ್ಲಿ ಪೀಠದ ಕೆಳಗಿದೆ. ಇನ್ನೊಬ್ಬರು ಇದೇ ನಗರದಲ್ಲಿ 1858ರಲ್ಲಿ ಧನಿಕರ ಮನೆಯಲ್ಲಿ ಹುಟ್ಟಿದ ಕ್ಯಾಥರೀನ್ ಡ್ರೆಕ್ಸೆಲ್. ಬುಡಕಟ್ಟು ಜನರಿಗಾಗಿ ಮಿಷನರಿಗಳನ್ನು ಕಳುಹಿಸಿ ಎಂದು ಆಕೆ ಜಗದ್ಗುರು ಹದಿಮೂರನೆಯ ಲಿಯೋ ಅವರನ್ನು ಬೇಡಿದಾಗ, ನೀನೇ ಏಕೆ ಮಿಷನರಿಯಾಗಬಾರದು ಎಂದು ಅವರು ಕೇಳಿದರಂತೆ. ಆಕೆ 1891ರಲ್ಲಿ ಧರ್ಮಭಗಿನಿಯರ ಸಭೆಯೊಂದನ್ನು ಸ್ಥಾಪಿಸಿ, ಪಿತ್ರಾರ್ಜಿತ ಸಂಪತ್ತಿನ ಸುಮಾರು 2 ಕೋಟಿ ಡಾಲರನ್ನು ಮೂಲನಿವಾಸಿಗಳ ಹಾಗೂ ಕಪ್ಪುವರ್ಣೀಯರ ವಿದ್ಯಾಭ್ಯಾಸಕ್ಕೆ ಸುರಿದರು. ಓನಿ ಜಡ್ಜಳ ಊರಿನಲ್ಲಿ ಹುಟ್ಟಿದ ಶ್ರೀಮಂತ ಹೆಣ್ಣುಮಗಳೊಬ್ಬಳು ತೀರಿಸಿದ ಸಾಲವೆಂದೇ ಇದನ್ನು ನಾನು ಭಾವಿಸುತ್ತೇನೆ. 1955ರಲ್ಲಿ ತೀರಿಕೊಂಡ ಆಕೆಗೆ 2000ದಲ್ಲಿ ಸಂತಪದವಿ ಲಭಿಸಿತು. 2018ರಿಂದ ಆಕೆಯ ಸಮಾಧಿ ನಗರದ ಪ್ರಧಾನ ದೇವಾಲಯದಲ್ಲಿದೆ. 1846ರಿಂದ 1864ರವರೆಗೆ ಕಟ್ಟಿದ ಆ ದೇವಾಲಯದ ಕಿಟಕಿಗಳೆಲ್ಲ ಬಹಳ ಎತ್ತರದಲ್ಲಿವೆ. ಗಲಭೆಕೋರರ ಕಲ್ಲು ತಲುಪದಿರಲೆಂದು ಹಾಗೆ ಇಟ್ಟರೆಂಬುದು ಜನಶ್ರುತಿ.

ಅಲ್ಲಿಂದ ಮರಗಳ ಸಾಲಿನ ರಾಜಬೀದಿಯಲ್ಲಿ ನೇರ ನಡೆದರೆ 72 ಮೆಟ್ಟಿಲುಗಳ ಮೇಲೆ ಕಲಾ ಸಂಗ್ರಹಾಲಯ. 1976ರ "ರಾಕಿ" ಚಲನಚಿತ್ರದ ನಾಯಕನಂತೆ ಆ ಮೆಟ್ಟಿಲುಗಳನ್ನು ಓಡಿ ಹತ್ತುವ ಯುವಕರನ್ನು ನೋಡಿ ನಗುತ್ತಾ, ಟೀಚರ್, ನೀವು ನಿಧಾನವಾಗಿ ಹತ್ತಿ. ಒಳಗೆ ನಮ್ಮ ಮಧುರೆಯ ಮದನಗೋಪಾಲಸ್ವಾಮಿ ದೇವಸ್ಥಾನದ ಹದಿನಾರನೆಯ ಶತಮಾನದ ಕಲ್ಲಿನ ಕಂಬಗಳ ಮಂಟಪವೇ ಇದೆ. ಅಲ್ಲಿನ ಮಹಿಳೆಯೊಬ್ಬರು 1912ರಲ್ಲಿ ಮಧುರೆಯಲ್ಲಿ ಆ ಕಲ್ಲುಗಳನ್ನು ಕೊಂಡರು, 1919ರಲ್ಲಿ ಅವು ಸಂಗ್ರಹಾಲಯಕ್ಕೆ ಸಂದವು. ಮಧುರೆಯ ನಾಯಕರು ಮೂಲತಃ ವಿಜಯನಗರದ ಪ್ರತಿನಿಧಿಗಳು. ಹಂಪಿಯನ್ನು ಕಂಡವರಿಗೆ ಆ ಕಂಬಗಳು ಬಂಧುಗಳಂತೆ ತೋರುತ್ತವೆ. ಪೂಜೆಗೆಂದು ಕೆತ್ತಿದ ಕಲ್ಲು ಪರದೇಶದಲ್ಲಿ ಪ್ರದರ್ಶನದ ವಸ್ತುವಾಗಿ ನಿಂತಿರುವುದನ್ನು ನೋಡಿ ನನಗೆ ಹೆಮ್ಮೆಯೂ ಖೇದವೂ ಒಟ್ಟಿಗೇ ಆದವು. ಹಸಿವಾದರೆ 1893ರಿಂದ ನಡೆಯುತ್ತಿರುವ ರೆಡಿಂಗ್ ಟರ್ಮಿನಲ್ ಮಾರುಕಟ್ಟೆಗೆ ಹೋಗಿ. ಹಳೆಯ ಕಾಲದ ಉಡುಪು ತೊಟ್ಟ ಆಮಿಷ್ ಪಂಥದವರು ಬಿಸಿ ರೊಟ್ಟಿ, ಬೆಣ್ಣೆ, ಕಡುಬುಗಳನ್ನು ಮಾರುತ್ತಾರೆ.

ತಂಗಿ ಘಂಟೆಯ ಕಥೆ

ಕೊನೆಗೊಂದು ಮಾತು. 1844ರಲ್ಲಿ ಒಡೆದ ಆ ತಂಗಿ ಘಂಟೆಯನ್ನು ಅಗುಸ್ತೀನರ ಸಭೆಯ ಗುರುಗಳು ಬಿಸಾಡಲಿಲ್ಲ. ಚೂರುಗಳನ್ನು ಆಯ್ದು ಮತ್ತೆ ಎರಕ ಹೊಯ್ಯಿಸಿದರು. ದೇವಾಲಯವನ್ನೂ ಮತ್ತೆ ಕಟ್ಟಿ 1848ರಲ್ಲಿ ಪ್ರತಿಷ್ಠಾಪಿಸಿದರು. ಘಂಟೆ ಈಗ ನಗರದ ಹೊರಗೆ, ಅದೇ ಸಭೆಯವರು 1842ರಲ್ಲಿ ಸ್ಥಾಪಿಸಿದ ವಿಲನೋವ ವಿದ್ಯಾಲಯದಲ್ಲಿದೆ. ಆ ವಿದ್ಯಾಲಯದಲ್ಲಿ ಗಣಿತ ಓದಿ 1977ರಲ್ಲಿ ಪದವಿ ಪಡೆದ ತರುಣನೊಬ್ಬ ಅಗುಸ್ತೀನರ ಸಭೆಯನ್ನು ಸೇರಿದ. 2025ರ ಮೇ 8ರಂದು, ದೇವಾಲಯ ಉರಿದ ಅದೇ ದಿನಾಂಕದಂದು, 181 ವರ್ಷಗಳ ತರುವಾಯ, ಆತ ಜಗದ್ಗುರು ಹದಿನಾಲ್ಕನೆಯ ಲಿಯೋ ಆಗಿ ಆಯ್ಕೆಯಾದರು. ಇದು ಕಾಕತಾಳೀಯವೆಂದು ತಾರ್ಕಿಕನಾಗಿ ನಾನು ಒಪ್ಪುತ್ತೇನೆ. ಗುರುವಾಗಿ, ಆ ದಿನಾಂಕವನ್ನು ನೆನೆದಾಗ ಒಂದು ಕ್ಷಣ ಸುಮ್ಮನಾಗುತ್ತೇನೆ.

ಟೀಚರ್, ಘಂಟೆಯ ಮುಂದೆ ಫೋಟೋ ತೆಗೆಸಿಕೊಳ್ಳಿ, ಮೊಮ್ಮಕ್ಕಳಿಗೆ ತೋರಿಸಿ. ಆದರೆ ಸಾಲಿಗೆ ಸೇರುವ ಮುನ್ನ ಬಾಗಿಲ ಪಕ್ಕದ ಆ ಅಡಿಪಾಯದ ಬಳಿ ಐದು ನಿಮಿಷ ನಿಲ್ಲಿ. ಅಲ್ಲಿದ್ದ ಒಂಬತ್ತು ಮಂದಿಗಾಗಿ ಒಂದು ಪರಲೋಕ ಜಪ ಹೇಳಿ. ನನ್ನ ಹೆಸರಿನಲ್ಲೂ ಒಂದನ್ನು ಹೇಳಿಬಿಡಿ. ಮೊದಲ ಸಲ ಹೋದಾಗ ಹೇಳದೆ ಬಂದ ಬಾಕಿ ಅದು. ದೇವರು ನಿಮ್ಮ ಪ್ರಯಾಣವನ್ನು ಆಶೀರ್ವದಿಸಲಿ.